ನಿಕಾಹ್‌ನ ಗಳಿಗೆಯಲ್ಲಿ ನಾವೆಲ್ಲಿದ್ದೆವು?

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ವೀಡಿಯೊ ಕ್ಯಾಸೆಟ್ ಇದೆ. 1996ರ ಡಿಸೆಂಬರ್ ತಿಂಗಳ ಒಂದು ಭಾನುವಾರ ನಡೆದ ನಮ್ಮ ಮದುವೆ ಅದರೊಳಗಿದೆ. ಅದನ್ನು ಓಡಿಸುವ ಯಂತ್ರ ಕೆಟ್ಟು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಮಗಳ ಮದುವೆ ನಿಶ್ಚಯವಾಗುವುದಕ್ಕೆ ಒಂದು ವರ್ಷ ಮೊದಲು ಮಗನು ಅದನ್ನು ಮಂಗಳೂರಿಗೆ ಒಯ್ದು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದ. ಒಂದು ಶುಕ್ರವಾರ ಜುಮಾ ಮುಗಿದು ಊಟವಾದ ಮೇಲೆ ನಾವು ಗಂಡ ಹೆಂಡತಿ ಇಬ್ಬರೂ ಮಕ್ಕಳೊಡನೆ ಕುಳಿತು ಅದನ್ನು ನೋಡಿದೆವು.

ನೋಡುತ್ತ ಹೋದಂತೆ ನಮಗೆ ಒಂದು ಬಗೆಯ ಕಸಿವಿಸಿಯಾಯಿತು. ಪರದೆಯ ಮೇಲಿನ ಮದುಮಗ ಮದುಮಗಳು ನಾವೇ. ಆದರೆ ಅಲ್ಲಿ ನಡೆಯುತ್ತಿದ್ದುದರಲ್ಲಿ ಮುಕ್ಕಾಲು ಪಾಲು ನಮಗೆ ನೆನಪೇ ಇರಲಿಲ್ಲ. ಯಾರದೋ ಮದುವೆಗೆ ತಡವಾಗಿ ಹೋದ ನೆಂಟರಂತೆ, ಇವರು ಯಾರು, ಅವರು ಯಾವಾಗ ಬಂದಿದ್ದರು ಎಂದು ನಾವೇ ಒಬ್ಬರನ್ನೊಬ್ಬರು ಕೇಳಿಕೊಂಡೆವು. ನಿಕಾಹ್‌ನ ದೃಶ್ಯ ಬಂತು. ಮದುಮಗಳ ತಂದೆ ಮದುಮಗನ ಕೈ ಹಿಡಿದಿದ್ದಾರೆ. ಖತೀಬ್ ಉಸ್ತಾದರು ಹೇಳಿಕೊಟ್ಟಂತೆ ಇಜಾಬ್‌ನ ಮಾತುಗಳನ್ನು ಹೇಳುತ್ತಿದ್ದಾರೆ. ಹಿಡಿದ ಕೈ ನಡುಗುತ್ತಿದೆ. ಒಂದು ಮಾತನ್ನು ಎರಡು ಸಲ ಹೇಳುತ್ತಾರೆ. ಕಣ್ಣೊರೆಸಿಕೊಳ್ಳಲು ಕೈ ಬಿಡುಗಡೆ ಇಲ್ಲದೆ ಮುಖವನ್ನು ಭುಜಕ್ಕೆ ಒರೆಸಿಕೊಳ್ಳುತ್ತಾರೆ. ಅಷ್ಟೆಲ್ಲ ನಡೆಯುವಾಗ ಮದುಮಗನ ಕಣ್ಣು ಎಲ್ಲಿದೆ? ಗೇಟಿನ ಕಡೆ. ಊಟದ ಎರಡನೇ ಪಂಕ್ತಿಗೆ ಕುರ್ಚಿ ತರುವ ವ್ಯಾನು ಇನ್ನೂ ಬಂದಿಲ್ಲವೆಂದು ಯಾರೋ ಆಗಷ್ಟೇ ಅವನ ಕಿವಿಯಲ್ಲಿ ಹೇಳಿಹೋಗಿದ್ದರು.

ಆ ತಂದೆ 2008ರಲ್ಲಿ ತೀರಿಕೊಂಡರು. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ. ತಮ್ಮ ಮಗಳನ್ನು ಒಪ್ಪಿಸುವಾಗ ಅವರ ಕೈ ನಡುಗಿತ್ತೆಂಬುದನ್ನು, ಆ ಕೈಯನ್ನು ಹಿಡಿದುಕೊಂಡೇ ಇದ್ದ ಅಳಿಯನು ಮೊದಲ ಸಲ ಅರಿತದ್ದು ಟಿ.ವಿ. ಪರದೆಯಲ್ಲಿ.

ಮದುಮಗಳ ಕಡೆಯ ಕಥೆ ಆ ಕ್ಯಾಸೆಟ್‌ನಲ್ಲಿ ಇಲ್ಲ. ಅದು ಇನ್ನೂ ಕಷ್ಟದ್ದು. ಆ ಬೆಳಿಗ್ಗೆ ಇಬ್ಬರು ಹಿರಿಯರು ಒಳಕೋಣೆಯ ಬಾಗಿಲಿಗೆ ಬಂದು ಒಪ್ಪಿಗೆ ಕೇಳಿದ್ದರು. ಕೋಣೆಯಲ್ಲಿ ಹತ್ತಿಪ್ಪತ್ತು ಹೆಂಗಸರು, ಹಸುಗೂಸೊಂದು ಅಳುತ್ತಿತ್ತು, ಹಿಂಬದಿಯಲ್ಲಿ ಮಸಾಲೆ ಅರೆಯುವ ಗ್ರೈಂಡರ್ ಸದ್ದು. ಜಡೆ ಹೆಣೆಸಿಕೊಳ್ಳುತ್ತ ತಲೆ ತಗ್ಗಿಸಿ ಕುಳಿತವಳಿಗೆ ಬಾಗಿಲ ಬಳಿ ಗಂಡು ದನಿಯೊಂದು ಏನೋ ಕೇಳಿದ್ದು ಮಾತ್ರ ಗೊತ್ತಾಯಿತು. ಚಹಾ ಎಲ್ಲರಿಗೂ ಸಿಕ್ಕಿತೇ ಎಂದು ಕೇಳುತ್ತಿದ್ದಾರೆಂದು ಅವಳು ತಿಳಿದಳು. ಚಿಕ್ಕಮ್ಮ ಒಬ್ಬರು "ಉಂಟು, ಉಂಟು" ಎಂದರು. ಹಿರಿಯರು ಹೊರಟುಹೋದರು. ತನ್ನ ಬಾಳಿನ ಅತಿ ದೊಡ್ಡ ಪ್ರಶ್ನೆಗೆ ಉತ್ತರ ಕೊಡಲಾಗಿದೆ ಎಂದು ಅವಳಿಗೆ ತಿಳಿದದ್ದು ನಿಕಾಹ್ ಮುಗಿದು ಹೊರಗಿನಿಂದ ದುಆದ ಆಮೀನ್ ಕೇಳಿಸಿದಾಗ.

ಅವಳಿಗೆ ಮನಸ್ಸಿರಲಿಲ್ಲವೆಂದು ಇದರ ಅರ್ಥವಲ್ಲ. ಕೇಳಿಸಿದ್ದರೆ ಖಂಡಿತ ಒಪ್ಪುತ್ತಿದ್ದಳು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ನಾವು ಇದನ್ನು ತಮಾಷೆಯಾಗಿ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೇವೆ. ಆದರೆ ಆ ಶುಕ್ರವಾರ ಮಗಳು ನಗಲಿಲ್ಲ. "ಉಮ್ಮಾ, ಹಾಗಾದರೆ ನೀವು ಒಪ್ಪಿದ್ದು ಯಾವಾಗ?" ಎಂದು ಕೇಳಿದಳು. ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಕನ್ಯೆಯ ಮೌನವೇ ಅವಳ ಒಪ್ಪಿಗೆ ಎಂಬ ಪ್ರವಾದಿವರ್ಯರ(ಸ) ಮಾತನ್ನು ನಾವೆಲ್ಲರೂ ಬಲ್ಲೆವು. ನಾಚಿಕೆಯಿಂದ ಬಾಯಿ ತೆರೆಯಲಾರದ ಹೆಣ್ಣುಮಕ್ಕಳ ಬಗ್ಗೆ ಆಯಿಶಾ(ರ) ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವದು. ಅದರಲ್ಲಿ ಎಷ್ಟು ಮೃದುತ್ವವಿದೆ! ನಾವು ಅದನ್ನು ಸೋಮಾರಿತನಕ್ಕೆ ಬಳಸಿಕೊಂಡೆವು. ಪ್ರಶ್ನೆಯನ್ನು ಕೇಳಿಸಿಕೊಂಡವಳ ಮೌನಕ್ಕೆ ಆ ಬೆಲೆಯೇ ಹೊರತು, ಪ್ರಶ್ನೆಯೇ ಕಿವಿಗೆ ಬೀಳದವಳ ಮೌನಕ್ಕಲ್ಲ. ಅವಳಲ್ಲಿದ್ದುದು ಮೌನವೂ ಅಲ್ಲ, ಗದ್ದಲದಲ್ಲಿ ಸಿಕ್ಕಿದ ಕಿವುಡು. ತನ್ನ ಒಪ್ಪಿಗೆ ಇಲ್ಲದೆ ತಂದೆ ಮದುವೆ ಮಾಡಿಸಿದರೆಂದು ಖನ್ಸಾ ಬಿಂತ್ ಖಿದಾಮ್(ರ) ದೂರು ಒಯ್ದಾಗ ಪ್ರವಾದಿಯವರು(ಸ) ಆ ಮದುವೆಯನ್ನೇ ರದ್ದುಪಡಿಸಿದರು. ಒಪ್ಪಿಗೆಯೆಂಬುದು ನಿಕಾಹ್‌ನ ಬೆಳಿಗ್ಗೆ ಪೂರೈಸಬೇಕಾದ ಹತ್ತು ಕೆಲಸಗಳಲ್ಲಿ ಒಂದಲ್ಲ. ಉಳಿದ ಒಂಬತ್ತು ಕೆಲಸಗಳು ಇರುವುದೇ ಅದಕ್ಕಾಗಿ.

ಮದುವೆಯ ದಿನ ಮನಸ್ಸು ನೆಲೆ ನಿಲ್ಲುವುದು ಹೇಗೆ ಎಂದು ನಾವು ಯೋಚಿಸತೊಡಗಿದ್ದು ಅಲ್ಲಿಂದ. ಅದುವರೆಗೆ ಅದು ಮದುಮಕ್ಕಳ ಸ್ವಭಾವಕ್ಕೆ ಬಿಟ್ಟ ವಿಷಯವೆಂದು ಭಾವಿಸಿದ್ದೆವು: ಧೈರ್ಯವಂತರು ಶಾಂತವಾಗಿರುತ್ತಾರೆ, ಪುಕ್ಕಲರು ಬೆವರುತ್ತಾರೆ. ಹಾಗಲ್ಲ. ಕೋಣೆಯೊಳಗೆ ಇಪ್ಪತ್ತು ಜನರನ್ನು ತುಂಬಿ, ಕುರ್ಚಿಯ ಲೆಕ್ಕವನ್ನು ಮದುಮಗನ ಕಿವಿಗೆ ಹಾಕಿ, ಬಳಿಕ ಅವರಿಂದ ಶಾಂತಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅದನ್ನು ಅವರಿಗೆ ಒದಗಿಸಿಕೊಡಬೇಕಾದವರು ಸುತ್ತಲಿನವರು.

ನಿಕಾಹ್‌ನ ಪ್ರತಿಯೊಂದು ಸಭೆಯಲ್ಲೂ ಕೇಳಿಬರುವ ಒಂದು ಸೂಕ್ತವಿದೆ, ಸೂರಃ ಅರ್ರೂಮ್‌ನ 21ನೆಯದು. ದಂಪತಿಗಳ ನಡುವೆ ಅಲ್ಲಾಹನು ಪ್ರೀತಿಯನ್ನೂ ಕರುಣೆಯನ್ನೂ ಇಟ್ಟಿರುವ ವಿಚಾರ ಅದರಲ್ಲಿ ಬರುತ್ತದೆ. ಆದರೆ ಅವೆರಡಕ್ಕೂ ಮೊದಲು ಬರುವುದು ನೆಮ್ಮದಿ. ಸಂಗಾತಿಯ ಬಳಿ ನೆಮ್ಮದಿ ಕಾಣಲೆಂದೇ ಸಂಗಾತಿಯ ಸೃಷ್ಟಿ. ಅಲ್ಲಿ ಬಳಕೆಯಾದ ಅರಬಿ ಪದದ ಧಾತುವಿನಿಂದಲೇ ಮಸ್ಕನ್, ಅಂದರೆ ವಾಸದ ಮನೆ ಎಂಬ ಪದವೂ ಹುಟ್ಟಿದೆ. ಮದ್ರಸದ ಮೊದಲ ತರಗತಿಯಲ್ಲಿ ಉಸ್ತಾದರು ಅಕ್ಷರದ ತಲೆಯ ಮೇಲೆ ಒಂದು ಚಿಕ್ಕ ಗುರುತು ಹಾಕಿ 'ಸುಕೂನ್' ಎಂದು ಕಲಿಸಿದ್ದು ನೆನಪಿದೆಯೇ? ಅತ್ತಲೂ ಇತ್ತಲೂ ವಾಲದೆ ನಿಂತ ಅಕ್ಷರ ಅದು. ಅದೂ ಅದೇ ಧಾತು. ಯಾವುದನ್ನು ಮದುವೆಯ ಉದ್ದೇಶವೆಂದು ಕುರ್‌ಆನ್ ಹೇಳಿತೋ ಅದೊಂದನ್ನು ಹೊರತುಪಡಿಸಿ ಉಳಿದೆಲ್ಲವೂ ನಮ್ಮ ಮದುವೆಯ ದಿನ ಇತ್ತು.

ಆ ದಿನದ ತಳಮಳದ ಬೇರು ಆ ದಿನದಲ್ಲಿ ಇರಲಿಲ್ಲವೆಂಬುದನ್ನೂ ಹೇಳಬೇಕು. 900 ಜನರಿಗೆ ಊಟ. ಅದರ ಖರ್ಚಿನ ಅರ್ಧ ಭಾಗ ಸಾಲ. ಸಾಲ ಕೊಟ್ಟವರೂ ಊಟಕ್ಕೆ ಬಂದಿದ್ದರು; ಅವರ ತಟ್ಟೆಗೆ ಎಷ್ಟು ತುಂಡು ಮಾಂಸ ಬಿತ್ತೆಂದು ಮದುಮಗಳ ತಂದೆ ನೋಡುತ್ತಿದ್ದರು. ಸಾಲ ಮಾಡಿ ಮಗಳನ್ನು ಕಳುಹಿಸುವ ತಂದೆಗೆ ಶಾಂತವಾಗಿರಿ ಎಂದು ಉಪದೇಶಿಸುವುದು ಕ್ರೌರ್ಯ. ವರದಕ್ಷಿಣೆಯ ಬಗ್ಗೆ ಬರೆಯಲು ಇಲ್ಲಿ ಕುಳಿತಿಲ್ಲ, ಆ ಬಗ್ಗೆ ನಮ್ಮಲ್ಲಿ ಬರೆದದ್ದಕ್ಕೇನೂ ಕೊರತೆ ಇಲ್ಲ. ಮಗಳ ಮದುವೆಯ ದಿನದ ಶಾಂತಿಯನ್ನು ನಾವು ಗಳಿಸಬೇಕಾದದ್ದು ಆರು ತಿಂಗಳ ಮೊದಲು, ಆಮಂತ್ರಣದ ಪಟ್ಟಿ ಬರೆಯುವ ಮೇಜಿನ ಮುಂದೆ ಎಂಬುದು ನಮಗೆ ಮನವರಿಕೆಯಾಗಿತ್ತು.

ಆ ಪಟ್ಟಿ ಬರೆಯುವುದು ಸುಲಭವಾಗಿರಲಿಲ್ಲ. ಒಂದೊಂದು ಹೆಸರು ಹೊಡೆದುಹಾಕುವಾಗಲೂ ನಮ್ಮಿಬ್ಬರ ನಡುವೆ ಜಗಳ. ಕರೆಯದಿದ್ದರೆ ಅವರು ಏನೆಂದುಕೊಂಡಾರು? ಆಗ ನಮಗೆ ಬಹಳ ನೆರವಾದದ್ದು ಅಬ್ದುರ್ರಹ್ಮಾನ್ ಬಿನ್ ಔಫ್‌(ರ) ಅವರ ಮದುವೆಯ ಪ್ರಸಂಗ. ಅವರ ಮೈಮೇಲಿನ ಹಳದಿ ಸುಗಂಧದ ಗುರುತು ಕಂಡು ಪ್ರವಾದಿಯವರು(ಸ) ಇದೇನೆಂದು ವಿಚಾರಿಸುತ್ತಾರೆ. ಅನ್ಸಾರ್ ಮಹಿಳೆಯೊಬ್ಬರನ್ನು ಮದುವೆಯಾದೆ, ಖರ್ಜೂರದ ಬೀಜದ ತೂಕದ ಚಿನ್ನ ಮಹರ್ ಕೊಟ್ಟೆ ಎಂದು ಅವರು ಹೇಳುತ್ತಾರೆ. ಪ್ರವಾದಿಯವರು(ಸ) ಅವರಿಗಾಗಿ ಬರಕತ್ ಬೇಡಿ, ಒಂದು ಆಡನ್ನಾದರೂ ಕೊಯ್ದು ವಲೀಮಾ ಉಣಿಸುವಂತೆ ತಿಳಿಸುತ್ತಾರೆ. ಈ ಹದೀಸನ್ನು ನಾವು ಸಾಮಾನ್ಯವಾಗಿ ವಲೀಮಾದ ಮಹತ್ವಕ್ಕಾಗಿ ಓದುತ್ತೇವೆ. ಪಟ್ಟಿಯ ಮುಂದೆ ಕುಳಿತಾಗ ನಮಗೆ ಬೇರೊಂದು ಸಂಗತಿ ಕಾಣಿಸಿತು. ಅಲ್ಲಾಹನ ಸಂದೇಶವಾಹಕರು ಅದೇ ಮದೀನಾದಲ್ಲಿ ಇದ್ದರು. ಅವರಿಗೆ ಆಪ್ತರಾದ ಸಹಾಬಿಯೊಬ್ಬರ ಮದುವೆ ಅವರಿಗೆ ತಿಳಿಯದೆಯೇ ನಡೆದುಹೋಗಿತ್ತು. ನನ್ನನ್ನೇಕೆ ಕರೆಯಲಿಲ್ಲ ಎಂಬ ಒಂದು ಮಾತೂ ಅಲ್ಲಿಲ್ಲ. ನಾವು 180 ಹೆಸರುಗಳಿಗೆ ಪಟ್ಟಿ ನಿಲ್ಲಿಸಿದೆವು. ಬೇಸರಿಸಿಕೊಂಡವರು ಇದ್ದಾರೆ. ಈಗಲೂ ಒಬ್ಬ ದಾಯಾದಿಯವರು ಮಸೀದಿಯಲ್ಲಿ ಸಲಾಮಿಗೆ ಉತ್ತರಿಸಿ ಮುಖ ತಿರುಗಿಸುತ್ತಾರೆ. ಅವರ ಮನೆಗೆ ಒಮ್ಮೆ ಹೋಗಿ ಬರಬೇಕು.

ಇನ್ನು ಒಪ್ಪಿಗೆಯ ವಿಚಾರ. ಹುಡುಗನ ಮನೆಯವರು ನೋಡಿಹೋಗಿ, ಮಾತುಕತೆಯೆಲ್ಲ ಒಂದು ಹಂತಕ್ಕೆ ಬಂದ ಮೇಲೆ, ಒಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ನಮ್ಮಲ್ಲಿ ತಂದೆಯಾದವನು ಮಗಳನ್ನು ಜಗಲಿಗೆ ಕರೆದು ಕುಳ್ಳಿರಿಸಿದ. ತಾಯಿಯಾದವಳು ಟಿ.ವಿ. ಆರಿಸಿ, ಮಗನನ್ನು ಅಂಗಡಿಗೆ ಕಳುಹಿಸಿ, ತಾನೂ ಒಳಗೆ ಹೋದಳು. ಅವನು ಹುಡುಗನ ಹೆಸರು, ಅವನ ತಂದೆಯ ಹೆಸರು, ಕೆಲಸ, ಸಂಬಳ, ಅವನ ಬಗ್ಗೆ ವಿಚಾರಿಸಿದಾಗ ತಿಳಿದ ಒಳ್ಳೆಯದು, ಅಷ್ಟಾಗಿ ಒಳ್ಳೆಯದಲ್ಲದ ಒಂದು ಸಂಗತಿ, ಎಲ್ಲವನ್ನೂ ಹೇಳಿದ. ಬಳಿಕ ನಿನಗೆ ಒಪ್ಪಿಗೆಯೇ ಎಂದು ಕೇಳಿದ.

"ಒಂದು ರಾತ್ರಿ ಸಮಯ ಕೊಡಿ, ಅಬ್ಬಾ" ಎಂದಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಕೇಳುವುದು ಸುಲಭ; ಉತ್ತರಕ್ಕಾಗಿ ಕಾಯುವುದು ಸುಲಭವಲ್ಲ. ಇಲ್ಲವೆಂದರೆ ಆ ಮನೆಯವರಿಗೆ ಏನು ಹೇಳುವುದೆಂದು ನಮ್ಮಲ್ಲಿ ಒಬ್ಬರು ಕೇಳಿದರೆ, ಇಲ್ಲವೆಂದೇ ಹೇಳುವುದು ಎಂದು ಇನ್ನೊಬ್ಬರು. ಇಸ್ತಿಖಾರಾದ ಎರಡು ರಕಅತ್ ಮಾಡಿ ಮಲಗಿದ್ದಳಂತೆ. ಬೆಳಿಗ್ಗೆ ಚಹಾದ ಹೊತ್ತಿಗೆ ಬಂದು ಎರಡು ಪ್ರಶ್ನೆ ಮುಂದಿಟ್ಟಳು. ಮೊದಲನೆಯದು, ಬಿ.ಎಡ್. ಮುಗಿಸಲು ಅವರು ಬಿಡುತ್ತಾರೆಯೇ ಎಂಬುದು. ಅದನ್ನು ನಾವು ನಿರೀಕ್ಷಿಸಿದ್ದೆವು. ಎರಡನೆಯದನ್ನು ನಿರೀಕ್ಷಿಸಿರಲಿಲ್ಲ: "ಅವರನ್ನೂ ಯಾರಾದರೂ ಹೀಗೆ ಕುಳ್ಳಿರಿಸಿ ಕೇಳಿದ್ದಾರಾ?"

ದಮ್ಮಾಮ್‌ಗೆ ಕರೆ ಮಾಡಿದೆವು. ಹುಡುಗ ಸಲಾಮ್ ಹೇಳಿ, ಪ್ರಶ್ನೆ ಕೇಳಿ, ಬಹಳ ಹೊತ್ತು ಸುಮ್ಮನಿದ್ದ. ಮೊಬೈಲ್ ಕಟ್ಟಾಯಿತೆಂದೇ ತಿಳಿದೆವು. ಬಳಿಕ, ನೇರವಾಗಿ ತನ್ನನ್ನು ಯಾರೂ ಕೇಳಿಲ್ಲ, ಉಮ್ಮನಿಗೆ ಇಷ್ಟವಾಗಿದೆಯೆಂದು ಅಕ್ಕ ತಿಳಿಸಿದ್ದರು, ತನಗೂ ಒಂದು ದಿನ ಬೇಕು ಎಂದ. ಮರುದಿನ ಅವನೇ ಕರೆ ಮಾಡಿದ. ತನಗೆ ಮನಃಪೂರ್ವಕ ಒಪ್ಪಿಗೆಯಿದೆ, ಅವಳ ಬಿ.ಎಡ್. ಮುಗಿಯುವವರೆಗೆ ತಾನು ಒಬ್ಬನೇ ಇರಬಲ್ಲೆ ಎಂದ. ಮದುವೆಯ ದಿನ ಗಂಡುಮಕ್ಕಳಿಗೂ ಭಯವಿರುತ್ತದೆ. ಅವರನ್ನು ನಾವು ಕುದುರೆಯಂತೆ ಸಿಂಗರಿಸಿ ನಡೆಸಿಕೊಂಡು ಬರುತ್ತೇವೆ, ಒಳಗೇನಿದೆಯೆಂದು ಕೇಳುವುದಿಲ್ಲ.

ಮಗಳ ಮದುವೆಗೆ ಅವಳದೇ ಒಂದು ಕೋರಿಕೆಯಿತ್ತು. ನಿಕಾಹ್‌ನ ಮಾತುಗಳು ತನ್ನ ಕಿವಿಗೆ ಬೀಳಬೇಕು. ನಮ್ಮ ಕಡೆ ವಲಿಯಾದ ತಂದೆ ಮತ್ತು ಮದುಮಗ ಗಂಡಸರ ಸಭೆಯಲ್ಲಿ ಕೈ ಹಿಡಿದು ಇಜಾಬ್ ಖಬೂಲ್ ಮುಗಿಸುತ್ತಾರೆ; ಹೆಣ್ಣು ಒಳಗಿರುತ್ತಾಳೆ. ಸಭಾಂಗಣಗಳಲ್ಲಿ ಹೆಂಗಸರ ವಿಭಾಗ ಕೆಲವೊಮ್ಮೆ ಬೇರೆ ಮಹಡಿಯಲ್ಲೇ ಇರುತ್ತದೆ. ಆದ್ದರಿಂದ ನಿಕಾಹ್ ನಮ್ಮ ಅಂಗಳದಲ್ಲೇ ಆಗಲಿ, ಅವಳು ಅಂಗಳದ ಕಡೆಗೆ ಕಿಟಕಿಯಿರುವ ಕೋಣೆಯಲ್ಲಿ ಕುಳಿತುಕೊಳ್ಳಲಿ ಎಂದು ತೀರ್ಮಾನಿಸಿದೆವು. ಹುಡುಗನಿಗೆ ರಜೆ ಸಿಕ್ಕಿದ್ದು 2023ರ ಆಗಸ್ಟ್‌ನಲ್ಲಿ. ಆಗಸ್ಟ್‌ನಲ್ಲಿ ಅಂಗಳದಲ್ಲಿ ಮದುವೆಯೇ ಎಂದು ಕೇಳದವರಿಲ್ಲ. ತಗಡಿನ ಚಪ್ಪರ ಹಾಕಿಸಿದೆವು.

ಆ ದಿನ ಮಗಳು ಫಜ್ರ್ ನಮಾಝ್ ಮುಗಿಸಿ ಬೆಳಕು ಹರಿಯುವ ತನಕ ಮುಸಲ್ಲಾದಿಂದ ಏಳಲಿಲ್ಲ. ಮೊಬೈಲನ್ನು ಹಿಂದಿನ ರಾತ್ರಿಯೇ ತಮ್ಮನ ಕೈಗೆ ಕೊಟ್ಟಿದ್ದಳು. ಅನ್ನ, ಮಾಂಸ, ಕುರ್ಚಿ, ವಾಹನ ಈ ನಾಲ್ಕರ ಬಗ್ಗೆ ಯಾರೂ ತನ್ನೊಡನೆ ಮಾತಾಡಬಾರದೆಂದು ಅವಳ ಕಟ್ಟಪ್ಪಣೆ. ಹಾಗೆಂದು ಎಲ್ಲವೂ ಪ್ರಶಾಂತವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ರವಿಕೆಯ ತೋಳು ಬಿಗಿಯಾಯಿತೆಂದು ಅವಳು ತಾಯಿಯ ಮೇಲೆ ರೇಗಿದಳು. ಕೋಳಿ ಕಡಿಮೆಯಾಗುತ್ತದೆಂದು ಅಡುಗೆಯವರು ಹೇಳಿದಾಗ ತಾಯಿಯಾದವಳು ಹಿತ್ತಿಲಲ್ಲಿ ನಿಂತು ಕೂಗಾಡಿದ್ದು ರಸ್ತೆಯವರೆಗೆ ಕೇಳಿಸಿತು. ತಂದೆಯಾದವನು ಹತ್ತು ನಿಮಿಷ ಹುಡುಕಿದ ಕನ್ನಡಕ ಅವನ ಕಿಸೆಯಲ್ಲೇ ಇತ್ತು.

ಝುಹರ್ ಮುಗಿಯಿತು. ಗಂಡಿನ ಕಡೆಯವರು ಬಂದು ಕುಳಿತರು. ಖತೀಬ್ ಉಸ್ತಾದರು ಖುತ್ಬಾ ಮುಗಿಸಿದರು. ಆಲು ಇಮ್ರಾನ್‌ನ, ಅನ್ನಿಸಾದ, ಅಲ್ ಅಹ್ಝಾಬ್‌ನ ಆ ಸೂಕ್ತಗಳು ನಮ್ಮ ಕಿವಿಗೆ ಎಷ್ಟು ಬಾರಿ ಬಿದ್ದಿಲ್ಲ! ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಅಲ್ಲಾಹನ ಭಯ, ನೇರವಾದ ಮಾತು. ಸಂಭ್ರಮದ ಪ್ರಸ್ತಾಪವೇ ಇಲ್ಲ ಎಂಬುದನ್ನು ಅಂದೇ ಗಮನಿಸಿದೆವು. ತಂದೆಯಾದವನು ಹುಡುಗನ ಬಲಗೈ ಹಿಡಿದ. ಉಸ್ತಾದರು ಮಾತು ಹೇಳಿಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು, ಮೈಕ್ ಸತ್ತಿತು, ಮಳೆ ಹೊಯ್ಯಿತು.

ತಗಡಿನ ಮೇಲೆ ಆಗಸ್ಟ್‌ನ ಮಳೆ ಬೀಳುವ ಸದ್ದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರ ಮಾತೂ ಕೇಳುವುದಿಲ್ಲ. ಉಸ್ತಾದರು ಮದುಮಗಳ ತಂದೆಯ ಕಿವಿಯ ಬಳಿ ಬಾಗಿ, "ಸಾಕ್ಷಿಗಳಿಗೆ ಕೇಳುವಷ್ಟು ಜೋರಾಗಿ ಹೇಳಿದರೆ ಆಯಿತು, ಮುಗಿಸೋಣವೇ?" ಎಂದರು. ಅವನು ಕಿಟಕಿಯ ಕಡೆ ನೋಡಿದ. ಉಸ್ತಾದರಿಗೆ ಮಗಳ ಕೋರಿಕೆ ಗೊತ್ತಿತ್ತು. ಅವರು ಕೈಯೆತ್ತಿ, "ಹುಡುಗಿಗೆ ಕೇಳಿಸಬೇಕಂತೆ. ಮಳೆ ಕಡಿಮೆಯಾಗಲಿ" ಎಂದು ಸನ್ನೆಯಲ್ಲೂ ಮಾತಿನಲ್ಲೂ ಸಭೆಗೆ ತಿಳಿಸಿ ಸುಮ್ಮನೆ ಕುಳಿತರು.

ಎಂಟೋ ಹತ್ತೋ ನಿಮಿಷ ಇರಬಹುದು. ನೂರರಷ್ಟು ಜನ ಮಾತಿಲ್ಲದೆ ಕುಳಿತಿದ್ದರು. ಮಾತಾಡಿ ಪ್ರಯೋಜನವಿರಲಿಲ್ಲ. ಕರೆಂಟಿಲ್ಲದ್ದರಿಂದ ವೀಡಿಯೊದವನ ದೀಪವೂ ಆರಿತ್ತು. ಕೆಲವರ ತುಟಿಗಳು ದ್ಸಿಕ್ರ್‌ನಲ್ಲಿ ಅಲುಗುತ್ತಿದ್ದವು. ಚಪ್ಪರದ ಅಂಚಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು. ಮಕ್ಕಳು ಅದಕ್ಕೆ ಕೈಯೊಡ್ಡುತ್ತಿದ್ದವು. ಹಿಡಿದ ಕೈಯನ್ನು ಬಿಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ ನಮ್ಮಲ್ಲಿ ತಂದೆಯಾದವನು ಹಾಗೆಯೇ ಹಿಡಿದುಕೊಂಡಿದ್ದ. ಹುಡುಗನ ಕೈ ತಣ್ಣಗಿತ್ತು, ಬೆರಳುಗಳು ನಡುಗುತ್ತಿದ್ದವು. ನಿಧಾನವಾಗಿ ನಡುಕ ನಿಂತು ಕೈ ಬೆಚ್ಚಗಾಯಿತು. ಅವನ ಹಸ್ತದ ಒಳಗೆ ಹೆಬ್ಬೆರಳ ಬುಡದಲ್ಲಿ ಒಂದು ಹಳೆಯ ಸುಟ್ಟ ಗಾಯದ ಕಲೆ ಇರುವುದೂ ಗೊತ್ತಾಯಿತು. ಆ ಹೊತ್ತಿನಲ್ಲಿ ತೀರಿಹೋದ ಮಾವನವರ ನೆನಪು ಬಂದು, ಈ ಬಾರಿ ಮುಖವನ್ನು ಭುಜಕ್ಕೆ ಒರೆಸಿಕೊಂಡದ್ದು ಅವನು. ಹುಡುಗ ಅದನ್ನು ನೋಡಿದ. ಅವನ ಕಣ್ಣು ಗೇಟಿನ ಕಡೆ ಇರಲಿಲ್ಲ.

ಕಿಟಕಿಯ ಒಳಗೆ ತಾಯಿ ಮಗಳು ಅಕ್ಕಪಕ್ಕ ಕುಳಿತಿದ್ದರು. ಮಗಳು ಅಜ್ಜನ ಬಗ್ಗೆ ಕೇಳಿದಳು. ಮದುವೆಯ ದಿನ ಸತ್ತವರ ಮಾತೇಕೆ ಎಂದು ಹೆಂಗಸೊಬ್ಬರು ತಡೆಯಲು ನೋಡಿದರು. ರುಬಯ್ಯಿ ಬಿಂತ್ ಮುಅವ್ವಿದ್ಸ್(ರ) ಅವರ ಮದುವೆಯಂದು ಪ್ರವಾದಿಯವರು(ಸ) ಅವರ ಬಳಿಗೆ ಬಂದು ಕುಳಿತಿದ್ದಾಗ ಹುಡುಗಿಯರು ದಫ್ ಬಡಿಯುತ್ತ ಹಾಡುತ್ತಿದ್ದದ್ದು ಬದ್ರ್‌ನಲ್ಲಿ ಹುತಾತ್ಮರಾದ ತಮ್ಮ ತಂದೆಯಂದಿರನ್ನು ಕುರಿತು. ರುಬಯ್ಯಿ ಅವರ ತಂದೆಯೂ ಆ ಹುತಾತ್ಮರಲ್ಲಿ ಒಬ್ಬರು. ಅವರ ಮದುವೆಯ ದಿನದಲ್ಲಿ ದಫ್‌ಗೂ ಜಾಗವಿತ್ತು, ಅಗಲಿದ ತಂದೆಗೂ ಇತ್ತು. ಶಾಂತವಾಗಿರುವುದೆಂದರೆ ಅಳದೆ ಇರುವುದಲ್ಲ. ತಾಯಿ ಮಗಳು ಇಬ್ಬರೂ ಸ್ವಲ್ಪ ಅತ್ತರು, ಕಾಡಿಗೆ ಹರಡಿತು, ಅದನ್ನು ಸರಿಮಾಡುವ ಹೊತ್ತಿಗೆ ಮಳೆ ಹನಿಗೆ ಇಳಿದಿತ್ತು.

ಉಸ್ತಾದರು ಮಾತು ಹೇಳಿಕೊಟ್ಟರು. ಮೈಕ್ ಇಲ್ಲದೆಯೇ ಪ್ರತಿಯೊಂದು ಪದವೂ ಒಳಗೆ ಕೇಳಿಸಿತು: ತಂದೆಯ ದನಿ, 3 ಪವನು ಚಿನ್ನದ ಮಹರ್, ಹುಡುಗನ ಖಬೂಲ್. ಎಲ್ಲ ಸೇರಿ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲ. ಇದಕ್ಕಾಗಿಯೇ ನಾವು ತಿಂಗಳುಗಟ್ಟಲೆ ಓಡಾಡುತ್ತೇವೆ ಮತ್ತು ಇದೊಂದೇ ನಿಮಿಷದಲ್ಲಿ ಬೇರೆಲ್ಲೋ ಇರುತ್ತೇವೆ.

ಕರೆಂಟು ಬಂದ ಕೂಡಲೇ ವೀಡಿಯೊದವನು ಮುಂದೆ ಬಂದ. ಬೆಳಕು ಸಾಲಲಿಲ್ಲ, ಕೈ ಹಿಡಿದು ಹೇಳುವುದನ್ನು ಇನ್ನೊಮ್ಮೆ ಮಾಡಬೇಕೆಂದ. ಅವನ ತಪ್ಪಲ್ಲ, ಎಲ್ಲ ಕಡೆಯೂ ಮಾಡುತ್ತಾರಂತೆ. ಉಸ್ತಾದರು ನಗುತ್ತ, "ಒಂದೇ ಹೆಣ್ಣನ್ನು ಒಬ್ಬನಿಗೇ ಒಂದೇ ದಿನ ಎರಡು ಸಲ ಕೊಡುವ ಕ್ರಮ ನಾನು ಓದಿದ ಕಿತಾಬ್‌ನಲ್ಲಿ ಇಲ್ಲ ಮಗಾ" ಎಂದು ರಿಜಿಸ್ಟರ್ ತೆರೆದು ಸಾಕ್ಷಿಗಳ ಸಹಿ ಹಾಕಿಸಿದರು. ಹಾಗಾಗಿ ನಮ್ಮ ಮಗಳ ನಿಕಾಹ್‌ನ ದೃಶ್ಯ ಯಾವ ಪೆನ್‌ಡ್ರೈವ್‌ನಲ್ಲೂ ಇಲ್ಲ.

ಅಸ್ರ್‌ನ ವೇಳೆ ಒಂದು ಪರೀಕ್ಷೆ ಕಾದಿತ್ತು. ನಮ್ಮ ಮದುವೆಯ ದಿನ ನಮ್ಮಿಬ್ಬರಿಗೂ ಅಸ್ರ್ ಹೋಗಿತ್ತು; ರಾತ್ರಿ ಕಝಾ ಮಾಡಿದೆವು. ಐದು ಹೊತ್ತು ನಮಾಝ್ ಮಾಡುವ ಮನೆಗಳಲ್ಲೂ ಮದುಮಗಳಿಗೆ ಒಂದು ಅಲಿಖಿತ ರಿಯಾಯಿತಿ ಇರುವುದನ್ನು ಎಲ್ಲರೂ ಬಲ್ಲರು. ಈಗಿನ ಮೇಕಪ್ ನೀರನ್ನು ಚರ್ಮಕ್ಕೆ ತಾಗಲು ಬಿಡುವುದಿಲ್ಲ, ವುಝೂ ಆಗುವುದಿಲ್ಲ, ತೆಗೆದರೆ ಕೊಟ್ಟ ಹಣ ನೀರಿಗೆ. ಬ್ಯೂಟಿಷಿಯನ್ ಎರಡು ಗಂಟೆ ಮಾಡಿದ ಕೆಲಸವನ್ನು ಮಗಳು ಸಾಬೂನಿನಿಂದ ತೊಳೆದು ಬಂದಾಗ ಆ ಹೆಣ್ಣುಮಗಳ ಮುಖ ಬಾಡಿತು. ತಾಯಿಯಾದವಳಿಗೂ ಎದೆ ಧಸಕ್ಕೆಂದಿತು, ಗಂಡಿನ ಕಡೆಯ ಹೆಂಗಸರು ಇನ್ನೂ ಫೋಟೊ ತೆಗೆಸಿಕೊಂಡಿರಲಿಲ್ಲ. ತೊಳೆದ ಮುಖದಲ್ಲಿ ಮದರಂಗಿಯ ಕೈಗಳನ್ನು ಕಟ್ಟಿ ಅವಳು ನಿಂತಳು. ಆಮೇಲೆ ಅತ್ತೆಯಾಗುವವರು ಅವಳ ಪಕ್ಕದಲ್ಲಿ ಕುಳಿತು ಮುಖ ನೋಡಿ, "ಹೆಣ್ಣು ನೋಡಲು ಬಂದ ದಿನ ನೋಡಿದ ಹುಡುಗಿ ಇವಳೇ" ಎಂದರು. ಅಷ್ಟು ಹೊತ್ತು ಸೊಸೆಯ ಗುರುತೇ ಸಿಕ್ಕಿರಲಿಲ್ಲವಂತೆ.

ಊಟ ಮುಗಿದ ಮೇಲೂ ಮದುಮಕ್ಕಳ ಸುತ್ತ ಜನ ಕರಗುವುದಿಲ್ಲ. ನಗುನಗುತ್ತ ನಿಂತು ನಿಂತು ಆ ಎಳೆಯರ ಕೆನ್ನೆ ಸೋತಿರುತ್ತದೆ. ಝೈನಬ್(ರ) ಅವರ ವಲೀಮಾದ ದಿನ ಹೀಗೆಯೇ ಆಗಿತ್ತೆಂಬುದು ಅತಿಥಿಗಳಾದ ನಮಗೆ ನೆನಪಿರಬೇಕು. ರೊಟ್ಟಿ ಮಾಂಸ ಉಂಡು ಎಲ್ಲರೂ ಹೋದರೂ ಕೆಲವರು ಹರಟುತ್ತ ಕುಳಿತೇ ಇದ್ದರು. ಮದುಮಗಳು ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಏಳಿರೆಂದು ಹೇಳಲು ಪ್ರವಾದಿಯವರಿಗೆ(ಸ) ಸಂಕೋಚ. ತಾವೇ ಎದ್ದು ಹೊರಗೆ ಹೋದರು, ಪತ್ನಿಯರ ಕೋಣೆಗಳ ಬಾಗಿಲಲ್ಲಿ ಸಲಾಮ್ ಹೇಳಿ ಮರಳಿದರು. ಅವರು ಇನ್ನೂ ಅಲ್ಲೇ ಇದ್ದರು! ಉಂಡ ಮೇಲೆ ಚದುರಿಹೋಗಿ, ಪ್ರವಾದಿಯವರಿಗೆ(ಸ) ಇದರಿಂದ ತೊಂದರೆಯಾಗುತ್ತದೆ, ಹೇಳಲು ಅವರು ನಾಚುತ್ತಾರೆ ಎಂಬ ಆಶಯದ ಸೂಕ್ತ ಸೂರಃ ಅಲ್ ಅಹ್ಝಾಬ್‌ನಲ್ಲಿ 53ನೆಯದಾಗಿ ಅವತೀರ್ಣವಾದದ್ದು ಆ ಸಂದರ್ಭದಲ್ಲಿ. ಮದುಮಗನ ಸಂಕೋಚವನ್ನು ಅರಿತು ಅವನ ಪರವಾಗಿ ಆಕಾಶದಿಂದ ಮಾತು ಬಂದ ದಿನ ಅದು. ನಮ್ಮ ಅಂಗಳದಲ್ಲಿ ಆ ಕೆಲಸವನ್ನು ಮಗ ಮಾಡಿದ. ಐದೂವರೆಗೆ ಎಲ್ಲರಿಗೂ ಶರ್ಬತ್ ಕೊಟ್ಟು, ಕುರ್ಚಿಗಳನ್ನು ಒಂದೊಂದಾಗಿ ಮಡಚತೊಡಗಿದ.

ಬೀಳ್ಕೊಡುವಾಗ ತಂದೆಯಾದವನು ಅಳಿಯನಿಗೆ ಒಂದು ಮಾತು ಹೇಳಿದ. ಅಬೂ ಉಸೈದ್(ರ) ಅವರ ಸೇವಕರೊಬ್ಬರು ತಾವು ಗುಲಾಮರಾಗಿದ್ದಾಗಲೇ ಮದುವೆಯಾಗಿ ಸಹಾಬಿಗಳನ್ನು ಆಮಂತ್ರಿಸಿದ್ದರು. ಇಬ್ನು ಮಸ್‌ಊದ್, ಅಬೂ ದರ್‍ರ್, ಹುದೈಫಾ(ರ) ಅಂಥವರು ಬಂದಿದ್ದರು. ನಮಾಝಿನ ವೇಳೆಯಾದಾಗ ಮುಂದೆ ನಿಂತು ಇಮಾಮತ್ ಮಾಡಿಸಲು ಆ ಹಿರಿಯರು ಮದುಮಗನಾದ ಗುಲಾಮನನ್ನೇ ಮುಂದೆ ಬಿಟ್ಟರು. ಬಳಿಕ, ಪತ್ನಿ ಮನೆಗೆ ಬಂದಾಗ ಎರಡು ರಕಅತ್ ನಮಾಝ್ ಮಾಡಿ ಒಳಿತನ್ನು ಬೇಡುವಂತೆ ಕಲಿಸಿಕೊಟ್ಟರು. ಅಷ್ಟನ್ನು ಹೇಳಿ, "ಮೊದಲು ಅದು. ಮೊಬೈಲ್‌ನ ಶುಭಾಶಯಗಳನ್ನು ನಾಳೆ ನೋಡಿದರೂ ಆಗುತ್ತದೆ" ಎಂದ. ಅಳಿಯ ತಲೆಯಾಡಿಸಿದ. ಕಾರು ಕೆಸರಿನಲ್ಲಿ ಒಮ್ಮೆ ಹೂತು, ಹುಡುಗರು ತಳ್ಳಿದ ಮೇಲೆ ಹೊರಟಿತು.

ಇಶಾ ಆದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಚಪ್ಪರದ ತಗಡಿನಿಂದ ಹನಿ ಬೀಳುತ್ತಲೇ ಇತ್ತು. ಮಗಳನ್ನು ಕುಳ್ಳಿರಿಸಿದ್ದ ಅದೇ ಜಾಗದಲ್ಲಿ ನಮ್ಮಲ್ಲಿ ಹೆಂಡತಿಯಾದವಳು ಕಾಲು ಚಾಚಿ ಕುಳಿತಿದ್ದಳು. ಗಂಡನಾದವನು ತನ್ನ ಹೆಸರು, ತನ್ನ ತಂದೆಯ ಹೆಸರು, ಈಗಿನ ಆದಾಯ, ಮಂಡಿನೋವು, ಸಿಟ್ಟಿನ ಸ್ವಭಾವ ಎಲ್ಲವನ್ನೂ ಕ್ರಮವಾಗಿ ಹೇಳಿ, 27 ವರ್ಷಗಳ ಹಿಂದೆ ಗ್ರೈಂಡರ್ ಸದ್ದಿನಲ್ಲಿ ಕಳೆದುಹೋದ ಪ್ರಶ್ನೆಯನ್ನು ಕೇಳಿದ.

ಅವಳು ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. "ನನಗೂ ಒಂದು ರಾತ್ರಿ ಸಮಯ ಬೇಕು" ಎಂದು ಹೇಳಿ, ಅಂಗಳದಲ್ಲಿ ಉಳಿದಿದ್ದ ಶರ್ಬತ್ ಲೋಟಗಳನ್ನು ಒಟ್ಟುಮಾಡಲು ಎದ್ದುಹೋದಳು.